ಅನ್ನದ ಋಣ, ನಾಡಿನ ಋಣ: ಚಿತ್ರಕಾರ ಅಲ್ಫೋನ್ಸ್ ಮುಖಾ

ನಮ್ಮ ದೇಶದ ನೋಟೊಂದನ್ನು ತಿರುಗಿಸಿ ನೋಡಿದರೆ ಅದರ ಒಂದು ಪಕ್ಕದಲ್ಲಿ ಹದಿನೈದು ಭಾಷೆಗಳಲ್ಲಿ ಅದರ ಬೆಲೆಯು ಅಚ್ಚಾಗಿರುತ್ತದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯ ಹೊರಗೆ ದಿನವೂ ಕಣ್ಣಿಗೆ ಬೀಳುವ ಕನ್ನಡವೆಂದರೆ ಆ ಒಂದು ಸಾಲೇ. ಬ್ಯಾಂಕಿನ ಕಟಕಟೆಯ ಹಿಂದೆ ಕುಳಿತು ಕಟ್ಟುಗಟ್ಟಲೆ ನೋಟುಗಳನ್ನೆಣಿಸುವ ನನ್ನಂಥವನಿಗೂ ಆ ಅಕ್ಷರಗಳನ್ನು ಬರೆದ ಕೈ ಯಾವುದು, ಅಂಚಿನ ಬಳ್ಳಿಯನ್ನೆಳೆದ ಕೈ ಯಾವುದು ಎಂಬ ವಿಚಾರವು ಬಹುಕಾಲ ಹೊಳೆದಿರಲಿಲ್ಲ. ನೋಟಿನ ಬೆಲೆಯನ್ನು ಎಲ್ಲರೂ ನೋಡುತ್ತಾರೆ, ಚಿತ್ರವನ್ನು ನೋಡುವವರು ಕಡಮೆ.

ಈ ವಿಚಾರವು ಹೊಳೆದ ಮೇಲೆ ನನಗೆ ದೊರೆತ ಹೆಸರು ದೂರದೇಶದ ಒಬ್ಬ ಚಿತ್ರಕಾರನದು. ಅವನು ಬಿಸ್ಕತ್ತಿನ ಡಬ್ಬಿಗೆ ಚಿತ್ರ ಬರೆದನು. ಸಿಗರೇಟಿನ ಕಾಗದಕ್ಕೆ, ಚಾಕೊಲೇಟಿಗೆ, ಮಕ್ಕಳ ಆಹಾರಕ್ಕೆ, ಬೈಸಿಕಲ್ಲಿಗೆ, ಸಾಬೂನಿಗೆ ಬರೆದನು. ಕಥೆ ಪುಸ್ತಕಗಳಿಗೂ ನಾಟಕಗಳಿಗೂ ಬರೆದನು. ಕೊನೆಗೆ ತನ್ನ ನಾಡು ಸ್ವತಂತ್ರವಾದಾಗ ಅದರ ಮೊದಲ ಅಂಚೆ ಚೀಟಿಯನ್ನೂ ಮೊದಲ ನೋಟುಗಳಲ್ಲಿ ಹಲವನ್ನೂ ಬರೆದುಕೊಟ್ಟನು. ಮೊದಲಿನದಕ್ಕೆಲ್ಲ ಕೂಲಿ ತೆಗೆದುಕೊಂಡನು, ಕೊನೆಯದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಹೆಸರು ಅಲ್ಫೋನ್ಸ್ ಮುಖಾ. ಫ್ರೆಂಚರು ಅದನ್ನು ಮ್ಯುಶಾ ಎಂದು ಕರೆಯುತ್ತಿದ್ದರು. ಅವನ ಸ್ವಂತ ಚೆಕ್ ಭಾಷೆಯಲ್ಲಿ ಅದರ ಉಚ್ಚಾರಣೆಯು ಮುಖಾ ಎಂಬುದಕ್ಕೆ ಬಲು ಹತ್ತಿರ. ಜೀವಮಾನವೆಲ್ಲ ಚೆಲುವಾದ ಮುಖಗಳನ್ನು ಬರೆದವನಿಗೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಮುಖಾ ಹುಟ್ಟಿದುದು 1860ನೆಯ ಇಸವಿ ಜುಲೈ 24ರಂದು, ಮೊರಾವಿಯಾ ಪ್ರಾಂತದ ಇವಾಂಚಿತ್ಸೆ ಎಂಬ ಸಣ್ಣ ಊರಿನಲ್ಲಿ. ಆ ಪ್ರಾಂತವು ಈಗ ಚೆಕ್ ಗಣರಾಜ್ಯದಲ್ಲಿದೆ. ಆಗ ಆಸ್ಟ್ರಿಯಾದ ಚಕ್ರವರ್ತಿಗೆ ಸೇರಿತ್ತು. ಮನೆಯಲ್ಲಿ ಆಡುವ ಮಾತು ಚೆಕ್, ಅಧಿಕಾರದ ಮಾತು ಜರ್ಮನ್. ತಂದೆ ನ್ಯಾಯಾಲಯದಲ್ಲಿ ಸಣ್ಣ ನೌಕರ. ನಡೆಯಲು ಬರುವ ಮೊದಲೇ ಮಗುವು ಗೆರೆ ಎಳೆಯುವುದನ್ನು ಕಂಡು ತಾಯಿ ಅದರ ಕೊರಳಿಗೆ ಪೆನ್ಸಿಲೊಂದನ್ನು ಕಟ್ಟಿದ್ದಳೆಂದು ಅವರ ಮನೆತನದಲ್ಲಿ ಹೇಳಿಕೊಳ್ಳುತ್ತಿದ್ದರು. ಹುಡುಗನಿಗೆ ಕಂಠವೂ ಚೆನ್ನಾಗಿತ್ತು. ಬರ್ನೋ ನಗರದ ದೊಡ್ಡ ಇಗರ್ಜಿಯ ಗಾಯಕವೃಂದದಲ್ಲಿ ಹಾಡಿ, ಅದರಿಂದ ದೊರೆತ ನೆರವಿನಲ್ಲಿ ಅವನು ಶಾಲೆ ಕಲಿತನು. ಇಗರ್ಜಿಯ ಧೂಪ, ಬಣ್ಣದ ಗಾಜು, ಸಂತರ ತಲೆಯ ಹಿಂದಿನ ಪ್ರಭಾವಳಿ, ಇವೆಲ್ಲ ಆ ವಯಸ್ಸಿನಲ್ಲಿಯೇ ಅವನ ಕಣ್ಣಿಗೆ ಹತ್ತಿದವು. ಮುಂದೆ ಬಿಸ್ಕತ್ತು ಮಾರುವ ಚೆಲುವೆಯ ತಲೆಯ ಹಿಂದೆಯೂ ಅದೇ ಪ್ರಭಾವಳಿಯು ಬಂದು ನಿಂತಿತು.

ಓದು ಮುಂದುವರಿಯಲಿಲ್ಲ. ತಂದೆಯು ತನ್ನ ನ್ಯಾಯಾಲಯದಲ್ಲಿಯೇ ಮಗನನ್ನು ಗುಮಾಸ್ತೆಯಾಗಿ ಸೇರಿಸಿದನು. ಗುಮಾಸ್ತೆಗಿರಿಯು ಆ ಹುಡುಗನಿಗೆ ಒಗ್ಗಲಿಲ್ಲ. 1878ರಲ್ಲಿ ಪ್ರಾಗ್ ನಗರದ ಕಲಾಶಾಲೆಗೆ ಅರ್ಜಿ ಹಾಕಿದರೆ ಅವರು ತೆಗೆದುಕೊಳ್ಳಲಿಲ್ಲ; ಬೇರೆ ಕಸುಬನ್ನು ನೋಡಿಕೊಳ್ಳುವುದು ಮೇಲೆಂಬ ಬುದ್ಧಿವಾದವನ್ನೂ ಸೇರಿಸಿ ಕಳುಹಿಸಿದರು. ಹತ್ತೊಂಬತ್ತರ ವಯಸ್ಸಿನಲ್ಲಿ ಮುಖಾ ಹೊಟ್ಟೆಪಾಡಿಗೆಂದು ವಿಯೆನ್ನಾಕ್ಕೆ ಹೊರಟು, ನಾಟಕಶಾಲೆಗಳಿಗೆ ಪರದೆ ಬರೆಯುವ ಕಾರ್ಖಾನೆಯಲ್ಲಿ ಸೇರಿದನು. 1881ರ ಡಿಸೆಂಬರಿನಲ್ಲಿ ಆ ನಗರದ ರಿಂಗ್ ನಾಟಕಶಾಲೆಯು ಬೆಂಕಿಗೆ ಆಹುತಿಯಾಗಿ ನೂರಾರು ಜನ ಸತ್ತರು. ಆ ನಾಟಕಶಾಲೆಯು ಅವನ ಕಾರ್ಖಾನೆಯ ದೊಡ್ಡ ಗಿರಾಕಿ. ಗಿರಾಕಿ ಹೋದ ಮೇಲೆ ಕೆಲಸದವರೂ ಹೋಗಬೇಕಾಯಿತು. ಕೈಯಲ್ಲಿದ್ದ ಕಾಸು ಮುಗಿಯುವವರೆಗೆ ರೈಲಿನಲ್ಲಿ ಪ್ರಯಾಣ ಮಾಡಿ, ಮುಗಿದ ಕಡೆ ಇಳಿದನಂತೆ. ಇಳಿದ ಊರು ಮಿಕುಲೋವ್. ಅಲ್ಲಿ ಊರವರ ಭಾವಚಿತ್ರಗಳನ್ನು ಬರೆಯುತ್ತ ದಿನ ಕಳೆಯುತ್ತಿರುವಾಗ ಖೂಯೆನ್ ಎಂಬ ಜಹಗೀರುದಾರನ ಕಣ್ಣಿಗೆ ಬಿದ್ದನು. ಆತನು ತನ್ನ ಅರಮನೆಯ ಗೋಡೆಗಳ ಮೇಲೆ ಚಿತ್ರ ಬರೆಸಿ, ಮೆಚ್ಚಿ, ತನ್ನ ಖರ್ಚಿನಿಂದ ಮೊದಲು ಮ್ಯೂನಿಕ್‌ಗೂ ಬಳಿಕ ಪ್ಯಾರಿಸ್ಸಿಗೂ ಕಲಿಯಲು ಕಳುಹಿಸಿದನು.

1889ರಲ್ಲಿ ಆ ಸಹಾಯವು ನಿಂತುಹೋಯಿತು. ಪರದೇಶ, ಪರಭಾಷೆ, ಕೈಯಲ್ಲಿ ಕಾಸಿಲ್ಲ, ವಯಸ್ಸು ಇಪ್ಪತ್ತೊಂಬತ್ತು. ಪರಸ್ಥಳಕ್ಕೆ ಬಂದು ಮೊದಲ ಕೋಣೆಯನ್ನು ಬಾಡಿಗೆಗೆ ಹಿಡಿದ ಯಾರಿಗೂ ಆ ದಿನಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಳೆಕಾಳು ಬೇಯಿಸಿಕೊಂಡು ತಿನ್ನುತ್ತ ಮುಖಾ ಪುಸ್ತಕಗಳಿಗೆ, ಮಕ್ಕಳ ಪತ್ರಿಕೆಗಳಿಗೆ ಚಿತ್ರ ಬರೆದನು. ಅರ್ಮಾಂ ಕೋಲ್ಯಾಂ ಎಂಬ ಪ್ರಕಾಶಕರು ಅವನಿಗೆ ಬಿಡದೆ ಕೆಲಸ ಕೊಟ್ಟರು. ಜರ್ಮನಿಯ ಇತಿಹಾಸವನ್ನು ಕುರಿತ ಒಂದು ದೊಡ್ಡ ಗ್ರಂಥಕ್ಕೂ ಅವನು ಚಿತ್ರ ಬರೆಯಬೇಕಾಗಿ ಬಂದಿತು. ಮನೆಯಲ್ಲಿ ಜರ್ಮನರ ಆಳ್ವಿಕೆಯನ್ನು ಕಂಡು ಬೆಳೆದ ಚೆಕ್ ಹುಡುಗನು ಪ್ಯಾರಿಸ್ಸಿನಲ್ಲಿ ಕುಳಿತು ಜರ್ಮನ್ ಚಕ್ರವರ್ತಿಗಳನ್ನು ಬರೆದುದು ಅನ್ನದ ಋಣಕ್ಕಾಗಿಯೇ. ಆದರೆ ಅದರಲ್ಲಿಯೂ ಅವನು ಕಳ್ಳತನ ಮಾಡಲಿಲ್ಲ. ಉಡುಪು, ಆಯುಧ, ಕುದುರೆಯ ಜೀನು, ಒಂದೊಂದನ್ನೂ ವಿಚಾರಿಸಿ ಬರೆದನು.

ಅವನ ದೆಸೆ ತಿರುಗಿದ ಪ್ರಸಂಗವು ಕಥೆಯಂತಿದೆ. 1894ರ ಕ್ರಿಸ್ಮಸ್ ಹಬ್ಬ. ಪ್ಯಾರಿಸ್ಸಿನ ಕಲಾವಿದರೆಲ್ಲ ರಜದಲ್ಲಿ ಊರು ಬಿಟ್ಟಿದ್ದರು. ಊರಿಗೆ ಹೋಗಲು ದಾರಿಯಿಲ್ಲದ ಮುಖಾ ಸ್ನೇಹಿತನೊಬ್ಬನ ಬದಲು ಲೆಮರ್ಸಿಯೆ ಎಂಬ ಮುದ್ರಣಾಲಯದಲ್ಲಿ ಕುಳಿತು ಅಚ್ಚಿನ ಕರಡುಗಳನ್ನು ತಿದ್ದುತ್ತಿದ್ದನು. ಅಷ್ಟರಲ್ಲಿ ಮಹಾನಟಿ ಸಾರಾ ಬರ್ನ್‌ಹಾರ್ಟ್ ಅವರ ಕಡೆಯಿಂದ ಕರೆ ಬಂದಿತು: ಜಿಸ್ಮೊಂಡಾ ನಾಟಕಕ್ಕೆ ಹೊಸ ಭಿತ್ತಿಪತ್ರವು ಬೇಕು, ಹೊಸ ವರ್ಷದ ಮೊದಲ ದಿನ ಅದು ಗೋಡೆಯ ಮೇಲಿರಬೇಕು. ಬರೆಯಲು ಬೇರೆ ಯಾರೂ ಇಲ್ಲದುದರಿಂದ ಕೆಲಸವು ಮುಖಾನ ಪಾಲಿಗೆ ಬಂದಿತು.

ಆ ಕಾಲದ ಭಿತ್ತಿಪತ್ರಗಳೆಂದರೆ ಅಗಲವಾದ ಹಾಳೆಯಲ್ಲಿ ಕೆಂಪು, ಹಳದಿ, ನೀಲಿಗಳ ಅಬ್ಬರ. ಮುಖಾನು ಬರೆದುದು ಎರಡು ಮೀಟರಿಗೂ ಎತ್ತರವಾದ, ಬಾಗಿಲಿನ ತೋಳಿನಂತೆ ಕಿರಿದಾದ ಹಾಳೆ. ಅದರಲ್ಲಿ ಆಳೆತ್ತರದ ನಟಿ, ಜರತಾರಿಯ ಉಡುಪು, ತಲೆಯಲ್ಲಿ ಹೂವಿನ ಕಿರೀಟ, ಕೈಯಲ್ಲಿ ತಾಳೆಗರಿ. ತಲೆಯ ಹಿಂದೆ ಕಮಾನು, ಕಮಾನಿನಲ್ಲಿ ಅವಳ ಹೆಸರು. ಬಣ್ಣಗಳೆಲ್ಲ ತಣ್ಣಗೆ, ಹಳೆಯ ರೇಷ್ಮೆಯಂತೆ. ಮುದ್ರಣಾಲಯದವರಿಗೆ ಭಯವಾಯಿತು, ನಟಿಗೆ ಬಹಳ ಸಂತೋಷವಾಯಿತು. 1895ರ ಜನವರಿ 1ರ ಬೆಳಿಗ್ಗೆ ಅದು ಪ್ಯಾರಿಸ್ಸಿನ ಗೋಡೆಗಳ ಮೇಲೆ ಬಂದಿತು. ರಾತ್ರಿಯ ಹೊತ್ತು ಜನರು ಕ್ಷೌರದ ಕತ್ತಿಯಿಂದ ಅದನ್ನು ಕೆತ್ತಿಕೊಂಡು ಮನೆಗೆ ಒಯ್ಯತೊಡಗಿದರೆಂದು ಹೇಳುತ್ತಾರೆ. ಸಾರಾ ಬರ್ನ್‌ಹಾರ್ಟ್ ಆರು ವರ್ಷಗಳ ಕರಾರು ಮಾಡಿಕೊಂಡರು. ಭಿತ್ತಿಪತ್ರಗಳಲ್ಲದೆ ರಂಗಸಜ್ಜಿಕೆ, ಉಡುಪು, ಆಭರಣಗಳ ವಿನ್ಯಾಸವೂ ಅವನ ಕೈಗೆ ಬಂದಿತು.

ಈ ಚಿತ್ರಗಳನ್ನು ಅಚ್ಚುಹಾಕುತ್ತಿದ್ದ ಕ್ರಮವನ್ನು ಒಂದಿಷ್ಟು ತಿಳಿದುಕೊಳ್ಳಬೇಕು. ಅದು ಕಲ್ಲಚ್ಚು. ನುಣ್ಣಗೆ ತಿಕ್ಕಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿರುವ ಕಡೆ ನೀರು ನಿಲ್ಲದು. ಮೇಲೆ ಮಸಿಯನ್ನುರುಳಿಸಿದರೆ ಜಿಡ್ಡಿರುವ ಕಡೆ ಮಾತ್ರ ಅದು ಹತ್ತುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಎಂಟು ಬಣ್ಣಗಳಿದ್ದರೆ ಒಂದೇ ಹಾಳೆಯು ಎಂಟು ಸಲ ಯಂತ್ರದೊಳಗೆ ಹೋಗಿ ಬರಬೇಕು, ಒಂದು ಕೂದಲೆಳೆಯಷ್ಟೂ ಸರಿಯಬಾರದು. ಆದುದರಿಂದ ಬಣ್ಣವನ್ನು ಕಡಮೆ ಮಾಡಿ ಗೆರೆಯಿಂದ ಕೆಲಸ ತೆಗೆಯುವವನೇ ಜಾಣ. ಮುಖಾನ ಚಿತ್ರಗಳಲ್ಲಿ ಆಕೃತಿಯ ಹೊರಗೆರೆ ದಪ್ಪ, ಒಳಗೆರೆ ತೆಳು, ನಡುವೆ ಸಪಾಟಾದ ಬಣ್ಣ. ಅವನ ಶೈಲಿಯೆಂದು ಜಗತ್ತು ಹೊಗಳಿದುದರಲ್ಲಿ ಅರ್ಧಪಾಲು ಅಚ್ಚಿನ ಕಲ್ಲಿನ ಮರ್ಯಾದೆಯನ್ನು ಅರಿತು ನಡೆದುದರ ಫಲ.

ನಾಟಕದ ಹೆಸರು ಹಬ್ಬಿದ ಕೂಡಲೆ ವ್ಯಾಪಾರಿಗಳು ಬಂದರು. ಶಾಂಪೆನ್ವಾ ಎಂಬ ಮುದ್ರಕನು ಮುಖಾನೊಡನೆ ಕರಾರು ಮಾಡಿಕೊಂಡು ತಿಂಗಳ ಸಂಬಳ ಗೊತ್ತುಮಾಡಿದನು. 1896ರಲ್ಲಿ ಜಾಬ್ ಸಿಗರೇಟ್ ಕಾಗದದ ಭಿತ್ತಿಪತ್ರವು ಹೊರಬಂದಿತು. ಈ ಹೆಸರಿನ ಹುಟ್ಟೂ ತಮಾಷೆಯದು: ಮಾಲಿಕನ ಹೆಸರಿನ ಮೊದಲಕ್ಷರಗಳಾದ ಜೆ ಮತ್ತು ಬಿ ನಡುವೆ ಒಂದು ವಜ್ರದ ಗುರುತಿತ್ತು, ಜನರು ಅದನ್ನು ಓ ಅಕ್ಷರವೆಂದು ಓದಿದರು, ಅದೇ ಹೆಸರಾಗಿ ನಿಂತಿತು. ಮುಖಾ ಆ ಮೂರಕ್ಷರಗಳನ್ನು ಚಿತ್ರದ ಹಿನ್ನೆಲೆಯಲ್ಲೆಲ್ಲ ಸೀರೆಯ ಬುಟ್ಟಿಯಂತೆ ಹೆಣೆದುಬಿಟ್ಟನು. ಕಾಗದದ ಕಟ್ಟು ಎಲ್ಲಿದೆಯೆಂದು ಹುಡುಕಬೇಕು. ಕಾಣುವುದು ಕಣ್ಣು ಅರೆಮುಚ್ಚಿದ ಹೆಣ್ಣು, ಅವಳ ಸುರುಳಿ ಸುರುಳಿಯಾದ ಕೂದಲು, ಕೂದಲಿನೊಡನೆ ಹೊಸೆದುಕೊಂಡು ಏರುವ ಹೊಗೆ.

ನಾಂತ್ ನಗರದ ಲೆಫೆವ್ರ್-ಯುಟೀಲ್ ಎಂಬ ಬಿಸ್ಕತ್ತಿನ ಕಂಪನಿಗೆ ಅವನು 1897ರ ಪಂಚಾಂಗದ ಹಾಳೆಯನ್ನು ಬರೆದನು; ಭಿತ್ತಿಪತ್ರಗಳನ್ನೂ ವೆನಿಲಾ ಬಿಸ್ಕತ್ತಿನ ಪೆಟ್ಟಿಗೆಯ ಚಿತ್ರಗಳನ್ನೂ ಬರೆದನು. ಭಿತ್ತಿಪತ್ರವು ಮಳೆಗೆ ಹರಿದುಹೋಗುತ್ತದೆ. ಡಬ್ಬಿಯ ಗತಿ ಬೇರೆ. ಬಿಸ್ಕತ್ತು ನಾಲ್ಕು ದಿನಕ್ಕೆ ಮುಗಿದರೂ ಡಬ್ಬಿಯು ಮನೆಯಲ್ಲಿ ಉಳಿಯುತ್ತದೆ. ನಮ್ಮ ಅಜ್ಜಿಯರು ಸೂಜಿ, ದಾರ, ಗುಂಡಿಗಳನ್ನೂ ಅಂಚೆಯ ಕಾಗದಗಳನ್ನೂ ಅಂಥ ಡಬ್ಬಿಗಳಲ್ಲಿಯೇ ಇಟ್ಟುಕೊಳ್ಳುತ್ತಿದ್ದರಲ್ಲವೆ? ನಾಲ್ಕು ಪಕ್ಕ, ಒಂದು ಮುಚ್ಚಳ; ಯಾವ ಕಡೆಯಿಂದ ನೋಡಿದರೂ ಚಿತ್ರವು ಪೂರ್ಣವಾಗಿ ಕಾಣಬೇಕು, ಕಂಪನಿಯ ಹೆಸರು ಮರೆಯಾಗಬಾರದು, ಆದರೆ ಅದು ಕೂಗಿಕೊಳ್ಳಲೂಬಾರದು. ಈ ಲೆಕ್ಕವನ್ನು ಮುಖಾ ಚೆನ್ನಾಗಿ ಬಲ್ಲವನಾಗಿದ್ದನು. ಚಾಕೊಲೇಟಿನ ಭಿತ್ತಿಪತ್ರದಲ್ಲಿ ಬಿಸಿ ಬಟ್ಟಲುಗಳನ್ನು ಹಿಡಿದ ತಾಯಿಯೂ ಅವಳನ್ನು ಮುತ್ತಿದ ಇಬ್ಬರು ಮಕ್ಕಳೂ ಇದ್ದಾರೆ. ನೆಸ್ಲೆಯ ಶಿಶು ಆಹಾರ, ಮೊಯೆ ಕಂಪನಿಯ ಶಾಂಪೇನು, ಮ್ಯೂಸ್ ಎಂಬ ಸೀಮೆಯ ಬೀರು, ಪರ್ಫೆಕ್ಟಾ ಬೈಸಿಕಲ್ಲು, ಮೊನಾಕೊಗೆ ಹೋಗುವ ರೈಲು, ಒಂದೊಂದಕ್ಕೂ ಒಬ್ಬೊಬ್ಬ ದೇವತೆಯಂಥ ಹೆಣ್ಣು ಬಂದು ನಿಂತಳು.

ಬರಹವಿಲ್ಲದ ಅಲಂಕಾರದ ಹಾಳೆಗಳನ್ನೂ ಶಾಂಪೆನ್ವಾ ಅಚ್ಚುಹಾಕಿಸಿದನು. 1896ರ ನಾಲ್ಕು ಋತುಗಳ ಚಿತ್ರಗಳು ಮನೆಮನೆಯ ಗೋಡೆಗೇರಿದವು. ತೈಲಚಿತ್ರವನ್ನು ಕೊಳ್ಳುವ ಶಕ್ತಿಯಿಲ್ಲದ ಗುಮಾಸ್ತೆಯೂ ಒಂದು ಹಾಳೆಯನ್ನು ಕೊಳ್ಳಬಹುದಾಯಿತು. ಒಂದೇ ಚಿತ್ರವನ್ನು ಪಂಚಾಂಗಕ್ಕೆ, ಊಟದ ಪಟ್ಟಿಗೆ, ಅಂಚೆಕಾರ್ಡಿಗೆ ಮತ್ತೆ ಮತ್ತೆ ಬಳಸಿ ಮುದ್ರಕನು ಲಾಭ ಮಾಡಿಕೊಂಡನು. 1897ರಲ್ಲಿ ಲಾ ಪ್ಲೂಮ್ ಎಂಬ ಪತ್ರಿಕೆಯವರು ನಡೆಸಿದ ಪ್ರದರ್ಶನದಲ್ಲಿ ಮುಖಾನ 448 ಕೃತಿಗಳಿದ್ದವು. 1902ರಲ್ಲಿ ತನ್ನ ವಿನ್ಯಾಸಗಳನ್ನೆಲ್ಲ 72 ಫಲಕಗಳ ಗ್ರಂಥವಾಗಿ ಹೊರತಂದನು. ಚಮಚೆ, ಕುರ್ಚಿ, ದೀಪ, ಬಾಚಣಿಗೆ ಎಲ್ಲದಕ್ಕೂ ಅದರಲ್ಲಿ ಮಾದರಿಗಳುಂಟು. ಇತರರು ಅವನ ಶೈಲಿಯನ್ನು ಕದಿಯುವ ಮೊದಲು ತಾನೇ ಬೀಗದ ಕೈಯನ್ನು ಅವರಿಗೆ ಕೊಟ್ಟಂತಾಯಿತು.

ಇಷ್ಟೆಲ್ಲ ಕೀರ್ತಿ ಬಂದ ಮೇಲೂ ಅವನಿಗೆ ನೆಮ್ಮದಿಯಿರಲಿಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಬೋಸ್ನಿಯಾ ಹೆರ್ಜೆಗೊವಿನಾದ ಮಂಟಪವನ್ನು ಅಲಂಕರಿಸುವ ಕೆಲಸವನ್ನು ಆಸ್ಟ್ರಿಯಾ ಸರಕಾರವು ಅವನಿಗೆ ಒಪ್ಪಿಸಿತು. ಅದಕ್ಕಾಗಿ ಬಾಲ್ಕನ್ ಸೀಮೆಯನ್ನು ಸುತ್ತಿ ಬಂದನು. ಅಲ್ಲಿಯ ಜನರೂ ಅವನಂತೆಯೇ ಸ್ಲಾವ್ ಕುಲದವರು, ಅವನಂತೆಯೇ ಪರರ ಆಳ್ವಿಕೆಯಲ್ಲಿದ್ದವರು. ಆಳುವವರ ಹಣದಿಂದ ಆಳಿಸಿಕೊಂಡವರ ಕಥೆಯನ್ನು ಬರೆಯುತ್ತಿರುವಾಗ ಅವನ ಮನಸ್ಸು ತಿರುಗಿತು. ತನ್ನ ಸ್ಲಾವ್ ಜನಾಂಗದ ಚರಿತ್ರೆಯನ್ನೆಲ್ಲ ದೊಡ್ಡ ದೊಡ್ಡ ಚಿತ್ರಗಳಲ್ಲಿ ಬರೆಯಬೇಕೆಂಬ ಹಂಬಲವು ಅಲ್ಲಿ ಹುಟ್ಟಿತು.

ಅದಕ್ಕೆ ಹಣ ಬೇಕಾಗಿತ್ತು. 1904ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದನು. 1906ರಲ್ಲಿ ಪ್ರಾಗ್‌ನಲ್ಲಿ ಮಾರಿಯಾ ಖಿತಿಲೋವಾ ಎಂಬ ಚೆಕ್ ತರುಣಿಯನ್ನು ಮದುವೆಯಾಗಿ ಮತ್ತೆ ಅಲ್ಲಿಗೇ ಹೊರಟನು. ಭಾವಚಿತ್ರ, ಪಾಠ, ಸಾಬೂನಿನ ಪೆಟ್ಟಿಗೆ, ಬಂದುದನ್ನೆಲ್ಲ ಮಾಡಿದನು. 1908ರಲ್ಲಿ ಬಾಸ್ಟನ್ನಿನ ವಾದ್ಯವೃಂದವು ತನ್ನ ನಾಡಿನ ಸ್ಮೆತಾನಾನ ಸಂಗೀತವನ್ನು ನುಡಿಸಿದುದನ್ನು ಕೇಳಿ, ಇನ್ನುಳಿದ ಆಯುಷ್ಯವನ್ನು ಊರಿಗೇ ಕೊಡತಕ್ಕದ್ದೆಂದು ನಿಶ್ಚಯಿಸಿದನು. ಚಾರ್ಲ್ಸ್ ಕ್ರೇನ್ ಎಂಬ ಶಿಕಾಗೊ ನಗರದ ಧನಿಕನು ಚಿತ್ರಮಾಲೆಯ ಖರ್ಚನ್ನು ವಹಿಸಿಕೊಳ್ಳಲು ಒಪ್ಪಿದನು. 1910ರಲ್ಲಿ, ಮನೆ ಬಿಟ್ಟು ಮೂವತ್ತು ವರ್ಷಗಳಾದ ಮೇಲೆ, ಮುಖಾ ತಾಯ್ನಾಡಿಗೆ ಹಿಂದಿರುಗಿದನು.

ಊರು ಅವನನ್ನು ಹಾರ ಹಾಕಿ ಎದುರುಗೊಂಡಿತೆಂದು ಓದುಗರು ಭಾವಿಸಬಹುದು. ಹಾಗಾಗಲಿಲ್ಲ. ಪ್ರಾಗ್ ನಗರವು ಹೊಸದಾಗಿ ಕಟ್ಟುತ್ತಿದ್ದ ಪುರಭವನದ ಅಲಂಕಾರವನ್ನು ಮುಖಾನಿಗೆ ಕೊಡುವ ಮಾತು ಬಂದಾಗ ಅಲ್ಲಿಯ ಚಿತ್ರಕಾರರು ಎದ್ದು ನಿಂತರು. ಇಷ್ಟು ಕಾಲ ಊರಲ್ಲಿದ್ದವರು ತಾವು. ಪ್ಯಾರಿಸ್ಸಿನಲ್ಲಿ ಜಾಹೀರಾತು ಬರೆದು ಬಂದವನಿಗೆ ಈ ಗೌರವವೇಕೆಂಬುದು ಅವರ ವಾದ. ಕೊನೆಗೆ ನಗರಾಧ್ಯಕ್ಷರ ಸಭಾಂಗಣವೊಂದು ಅವನ ಪಾಲಿಗೆ ಬಂದಿತು. ಪರದೇಶದಲ್ಲಿ ಅವನು ಎಂದೂ ಚೆಕ್ ಜನಾಂಗದವನೇ ಆಗಿದ್ದನು; ಊರಿಗೆ ಬಂದ ಮೇಲೆ ಪ್ಯಾರಿಸ್ಸಿನವನಾದನು. ಹೊರಗೆ ಹೋಗಿ ಬಾಳಿದವರಿಗೆ ಈ ಪೇಚು ಹೊಸದಲ್ಲ. ರಜಕ್ಕೆ ಊರಿಗೆ ಹೋದಾಗ ನಮ್ಮ ಮಾತಿನ ಧಾಟಿಯನ್ನು ಕೇಳಿ ನಗುವವರು ನಮ್ಮ ಓಣಿಗಳಲ್ಲಿಯೂ ಇದ್ದಾರೆ.

ಮುಖಾ ಇದಕ್ಕೆ ಉತ್ತರ ಬರೆಯುತ್ತ ಕುಳಿತುಕೊಳ್ಳಲಿಲ್ಲ. ತನ್ನಲ್ಲಿದ್ದ ಕಸುಬನ್ನೇ ಊರಿಗೆ ಕೊಟ್ಟನು. ಮೊರಾವಿಯಾದ ಉಪಾಧ್ಯಾಯರ ಗಾಯಕವೃಂದಕ್ಕೆ 1911ರಲ್ಲಿಯೂ ಸೊಕೊಲ್ ಎಂಬ ವ್ಯಾಯಾಮ ಸಂಘದ ಮಹಾಮೇಳಕ್ಕೆ 1912ರಲ್ಲಿಯೂ ಭಿತ್ತಿಪತ್ರಗಳನ್ನು ಬರೆದನು. ಇವೆಲ್ಲಕ್ಕಿಂತ ಹಿರಿದಾದುದು 1912ರ ಲಾಟರಿಯ ಭಿತ್ತಿಪತ್ರ. ಆಸ್ಟ್ರಿಯಾದ ಆಳ್ವಿಕೆಯಲ್ಲಿ ಜರ್ಮನ್ ಶಾಲೆಗಳಿಗೆ ಹೆಚ್ಚಿನ ಪ್ರೋತ್ಸಾಹವಿತ್ತು. ನೈಋತ್ಯ ಮೊರಾವಿಯಾದಲ್ಲಿ ಮಕ್ಕಳು ಚೆಕ್ ಭಾಷೆಯಲ್ಲಿ ಕಲಿಯಬೇಕಾದರೆ ಜನರೇ ಚಂದಾ ಎತ್ತಬೇಕಾಗಿತ್ತು. ಆ ಚಂದಾಕ್ಕಾಗಿ ನಡೆದ ಲಾಟರಿಗೆ ಮುಖಾ ಬರೆದ ಚಿತ್ರದಲ್ಲಿ ಪ್ಯಾರಿಸ್ಸಿನ ಚೆಲುವೆಯಿಲ್ಲ, ಹೂವಿಲ್ಲ, ನಗುವಿಲ್ಲ. ಒಣಗಿದ ಮರವೊಂದರಲ್ಲಿ ನಾಡಿನ ತಾಯಿಯು ಮುಖ ಮುಚ್ಚಿಕೊಂಡು ಕುಳಿತಿದ್ದಾಳೆ. ಕೆಳಗೆ, ಮುಂದುಗಡೆಯಲ್ಲಿ, ಪುಸ್ತಕ ಪೆನ್ಸಿಲುಗಳನ್ನು ಹಿಡಿದ ಒಬ್ಬ ಪುಟ್ಟ ಹುಡುಗಿ. ಅವಳು ಬೇಡುವುದಿಲ್ಲ, ಅಳುವುದಿಲ್ಲ. ನೋಡುವವರ ಕಣ್ಣಿಗೆ ನೇರವಾಗಿ ಕಣ್ಣಿಟ್ಟು ನೋಡುತ್ತಾಳೆ. ಬಿಸ್ಕತ್ತನ್ನು ಮಾರುವಾಗ ಕಲಿತ ವಿದ್ಯೆಯೇ ಅಲ್ಲಿ ಕೆಲಸ ಮಾಡಿದೆ: ಬರಹವನ್ನು ಓದುವ ಮೊದಲೇ ದಾರಿಹೋಕನು ನಿಲ್ಲಬೇಕು. ಇಂಥ ಊರಿನಲ್ಲಿ ಮನೆಯ ಮಕ್ಕಳಿಗೆ ಕನ್ನಡ ಅಕ್ಷರವನ್ನು ಕಲಿಸಲು ಭಾನುವಾರದ ವರ್ಗಗಳಿಗೆ ಅಲೆಯುವ ತಾಯಿತಂದೆಗಳು ಆ ಹುಡುಗಿಯ ಮುಂದೆ ಸುಲಭವಾಗಿ ದಾಟಿ ಹೋಗಲಾರರು.

1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಸ್ವತಂತ್ರವಾಯಿತು. ಹೊಸ ರಾಜ್ಯಕ್ಕೆ ಸೈನ್ಯ ಬೇಕು, ಶಾಸನ ಬೇಕು. ಆದರೆ ಮಾರನೆಯ ದಿನವೇ ಬೇಕಾದುವು ಅಂಚೆ ಚೀಟಿ ಮತ್ತು ದುಡ್ಡು. ಡಿಸೆಂಬರ್ 18ರಂದು ಹೊರಬಿದ್ದ ಮೊದಲ ಅಂಚೆ ಚೀಟಿಯು ಮುಖಾನದು. ಪ್ರಾಗ್‌ನ ಹ್ರಾದ್ಚನಿ ಕೋಟೆ, ಅದರ ಹಿಂದೆ ಸೂರ್ಯ, ಸುತ್ತಲೂ ಎಲೆ ಬಳ್ಳಿಗಳ ಚೌಕಟ್ಟು. ಆ ದಿಕ್ಕಿನಿಂದ ನೋಡಿದರೆ ಸೂರ್ಯನು ಅಲ್ಲಿ ಕಾಣುವುದು ಸಾಧ್ಯವೇ ಇಲ್ಲವೆಂದು ತಿಳಿದವರು ಹಾಸ್ಯ ಮಾಡಿದರು. ತರುವಾಯ ಬಂದ ಚೀಟಿಗಳಲ್ಲಿ ಸೂರ್ಯನನ್ನು ತೆಗೆದುಬಿಟ್ಟರು. ಖಗೋಳದ ಲೆಕ್ಕದಲ್ಲಿ ಅದು ತಪ್ಪಾಗಿರಬಹುದು. ಮೂರು ನೂರು ವರ್ಷ ಕಾದ ಜನಕ್ಕೆ ಆ ತಪ್ಪೇ ಸರಿಯಾಗಿ ಕಂಡಿರಬೇಕು.

ದುಡ್ಡಿನ ಕಥೆ ಇನ್ನೂ ಸ್ವಾರಸ್ಯವಾದುದು. ರಾಜ್ಯವು ಬೇರೆಯಾದರೂ ಜನರ ಕೈಯಲ್ಲಿ ಓಡಾಡುತ್ತಿದ್ದುದು ಹಳೆಯ ಸಾಮ್ರಾಜ್ಯದ ನೋಟುಗಳೇ. ವಿಯೆನ್ನಾದಲ್ಲಿ ಅವುಗಳನ್ನು ಬೇಕಾದಂತೆ ಅಚ್ಚುಹಾಕುತ್ತಿದ್ದುದರಿಂದ ಬೆಲೆಗಳು ಏರುತ್ತಿದ್ದವು. ಅರ್ಥಮಂತ್ರಿ ಅಲೋಯಿಸ್ ರಾಶೀನನು ಒಂದು ಧೈರ್ಯದ ಕೆಲಸ ಮಾಡಿದನು. 1919ರ ಮಾರ್ಚ್ 3ರಿಂದ 9ರವರೆಗೆ ಗಡಿಗಳನ್ನು ಮುಚ್ಚಿ, ದೇಶದೊಳಗಿನ ಹಳೆಯ ನೋಟುಗಳನ್ನೆಲ್ಲ ಬ್ಯಾಂಕುಗಳಿಗೆ ತರಿಸಿ, ಒಂದೊಂದರ ಮೇಲೂ ಸಣ್ಣ ಚೀಟಿಯನ್ನು ಅಂಟಿಸಿದರು. ಚೀಟಿಯಿದ್ದ ನೋಟು ಮಾತ್ರ ದೇಶದ ದುಡ್ಡು. ತಂದ ಹಣದಲ್ಲಿ ಸುಮಾರು ಅರ್ಧವನ್ನು ಸರಕಾರವೇ ಸಾಲವಾಗಿ ಇಟ್ಟುಕೊಂಡಿತು. ಆ ಒಂದು ವಾರ ಅಲ್ಲಿಯ ಗುಮಾಸ್ತೆಗಳು ಹೇಗೆ ದುಡಿದಿರಬೇಕೆಂಬುದನ್ನು 2016ರ ನವೆಂಬರಿನಲ್ಲಿ ನೋಟುಗಳನ್ನು ಬದಲಾಯಿಸಿಕೊಟ್ಟ ನಮ್ಮ ಬ್ಯಾಂಕುಗಳವರು ಊಹಿಸಬಲ್ಲರು.

ಅಂಟಿಸಿದ ಚೀಟಿಯಿಂದ ಹೆಚ್ಚು ಕಾಲ ನಡೆಯದು. ಸ್ವಂತ ನೋಟು ಬೇಕಾಗಿತ್ತು, ಅದೂ ಬೇಗ. ಹತ್ತು ಕೊರುನದಿಂದ ಐನೂರು ಕೊರುನದವರೆಗಿನ ಮೊದಲ ನೋಟುಗಳಲ್ಲಿ ಹಲವನ್ನು ಮುಖಾ ಬರೆದುಕೊಟ್ಟನು. ಹಳೆಯ ಸಾಮ್ರಾಜ್ಯದ ನೋಟಿನಲ್ಲಿ ಜರ್ಮನ್ ಬರಹವು ದೊಡ್ಡದಾಗಿದ್ದು, ಚೆಕ್ ಭಾಷೆಯು ಇತರ ಭಾಷೆಗಳೊಡನೆ ಮೂಲೆಯ ಸಣ್ಣ ಅಕ್ಷರಗಳಲ್ಲಿರುತ್ತಿತ್ತು. ಹೊಸ ನೋಟಿನಲ್ಲಿ ಅದು ನಡುಮನೆಗೆ ಬಂದಿತು. ಅಮೆರಿಕದಲ್ಲಿ ಅಚ್ಚಾದ 1920ರ ನೂರು ಕೊರುನದ ನೋಟಿನ ಮೇಲೆ ಸ್ಲಾವಿಯಾ ಎಂಬ ನಾಡದೇವಿಯ ಮುಖವಿತ್ತು. ಅದಕ್ಕೆ ಆಧಾರವಾದುದು ಚಾರ್ಲ್ಸ್ ಕ್ರೇನನ ಮಗಳನ್ನು ಕೂರಿಸಿ ಮುಖಾ 1908ರಲ್ಲಿ ಬರೆದ ಭಾವಚಿತ್ರ. ತನಗೆ ನೆರವಾದವನ ಮಗಳ ಮುಖವನ್ನು ತನ್ನ ದೇಶದ ಪ್ರತಿಯೊಬ್ಬನ ಜೇಬಿನಲ್ಲಿಟ್ಟು ಅವನು ಋಣ ತೀರಿಸಿದನೆನ್ನಬಹುದು. ಪೋಲೀಸರ ಸಮವಸ್ತ್ರದ ವಿನ್ಯಾಸವನ್ನೂ ಮಾಡಿಕೊಟ್ಟನು. ಇದಾವುದಕ್ಕೂ ಅವನು ಪ್ರತಿಫಲ ಪಡೆಯಲಿಲ್ಲ.

ಬಿಸ್ಕತ್ತಿನ ಡಬ್ಬಿಗೂ ದೇಶದ ನೋಟಿಗೂ ಏನು ಸಂಬಂಧವೆಂದು ಕೇಳಬಹುದು. ಚಿತ್ರ ಬರೆಯುವವನ ದೃಷ್ಟಿಯಿಂದ ಎರಡೂ ಒಂದೇ ಜಾತಿಯವು. ಎರಡೂ ಸಣ್ಣವು, ಎರಡನ್ನೂ ಲಕ್ಷಗಟ್ಟಲೆ ಅಚ್ಚುಹಾಕಬೇಕು, ಎರಡರಲ್ಲಿಯೂ ಅಕ್ಷರ ಮತ್ತು ಚಿತ್ರಗಳು ಒಂದನ್ನೊಂದು ತಳ್ಳದೆ ಕೂಡಿರಬೇಕು, ಎರಡೂ ಓದು ಬಾರದವನ ಕೈಗೂ ಹೋಗುತ್ತವೆ, ಅವನೂ ಅವುಗಳನ್ನು ನೋಡಿದೊಡನೆ ಗುರುತಿಸಬೇಕು. ದೊಡ್ಡ ಕಲಾಶಾಲೆಗಳಲ್ಲಿ ರಾಜರ ಚಿತ್ರಗಳನ್ನು ಬರೆಯಲು ಕಲಿತವರಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಪರದೇಶದ ಅಂಗಡಿಬೀದಿಯಲ್ಲಿ ಇಪ್ಪತ್ತು ವರ್ಷ ಹೊಟ್ಟೆಗಾಗಿ ದುಡಿದವನಿಗೆ ಬರುತ್ತಿತ್ತು.

ಮುಖಾ ಮಾತ್ರ ಹಾಗೆ ಎಣಿಸಲಿಲ್ಲ. ಅವನ ಕಣ್ಣಿನಲ್ಲಿ ಜಾಹೀರಾತಿನ ಕೆಲಸವು ಕಳೆದುಹೋದ ಕಾಲ; ನಿಜವಾದ ಕೆಲಸವೆಂದರೆ ಸ್ಲಾವ್ ಮಹಾಚಿತ್ರಮಾಲೆ. ಜ್ಬಿರೊಹ್ ಎಂಬ ಕಡೆ ಕೋಟೆಯೊಂದರಲ್ಲಿ ಬಿಡಾರ ಹೂಡಿ, ಸುಮಾರು ಹದಿನೆಂಟು ವರ್ಷ ಅವನು ಅದಕ್ಕಾಗಿ ದುಡಿದನು. ಇಪ್ಪತ್ತು ಚಿತ್ರಗಳು, ದೊಡ್ಡವು ಆರು ಮೀಟರು ಎತ್ತರ, ಎಂಟು ಮೀಟರು ಅಗಲ. ಅವುಗಳಲ್ಲಿ ಒಂದು ಅವನ ಹುಟ್ಟೂರಿನದೇ. ಹದಿನಾರನೆಯ ಶತಮಾನದಲ್ಲಿ ಇವಾಂಚಿತ್ಸೆಯಲ್ಲಿ ಚೆಕ್ ಭಾಷೆಯ ಬೈಬಲ್ಲನ್ನು ಅಚ್ಚುಹಾಕುತ್ತಿರುವ ದೃಶ್ಯ. ಮುಂದುಗಡೆಯಲ್ಲಿ ಕುರುಡ ಮುದುಕನಿಗೆ ಓದಿ ಹೇಳುವ ಒಬ್ಬ ತರುಣನಿದ್ದಾನೆ. ಅವನ ಮುಖವು 'ಮುಖಾ'ನ ಎಳೆತನದ ಮುಖ. ಅಚ್ಚಿನ ಮನೆಯಿಂದ ಅನ್ನ ಪಡೆದವನು ತನ್ನನ್ನು ಅಚ್ಚಿನ ಮನೆಯ ಮುಂದೆಯೇ ಕೂರಿಸಿಕೊಂಡನು.

1928ರಲ್ಲಿ ಚಿತ್ರಮಾಲೆಯನ್ನು ಪ್ರಾಗ್ ನಗರಕ್ಕೆ ಒಪ್ಪಿಸಿದಾಗ ಕಿರಿಯ ವಿಮರ್ಶಕರು ಇದು ಹಳೆಯ ಕಾಲದ್ದೆಂದು ತಳ್ಳಿಹಾಕಿದರು. ಅವನ್ನಿಡಲು ಕಟ್ಟಬೇಕಾಗಿದ್ದ ಮನೆಯು ಅವನ ಜೀವಿತಕಾಲದಲ್ಲಿ ಏಳಲಿಲ್ಲ. 1931ರಲ್ಲಿ ಪ್ರಾಗ್‌ನ ಸಂತ ವಿಟ್ ಮಹಾ ಇಗರ್ಜಿಗೆ ಬಣ್ಣದ ಗಾಜಿನ ಕಿಟಕಿಯ ವಿನ್ಯಾಸವನ್ನು ಬರೆದನು. ಅದರ ಖರ್ಚು ವಹಿಸಿದುದು ಸ್ಲಾವಿಯಾ ಎಂಬ ವಿಮಾ ಬ್ಯಾಂಕು. ಕಿಟಕಿಯ ಕೆಳಗೆ ಬ್ಯಾಂಕಿನ ಹೆಸರು ಇಂದಿಗೂ ಇದೆ. ಗಾಯಕವೃಂದದ ಹುಡುಗ, ಜಾಹೀರಾತಿನ ಚಿತ್ರಕಾರ, ನಾಡಭಕ್ತ, ಮೂವರೂ ಆ ಒಂದು ಕಿಟಕಿಯಲ್ಲಿ ಕೂಡಿದ್ದಾರೆ.

1939ರ ಮಾರ್ಚ್ 15ರಂದು ಹಿಟ್ಲರನ ಸೈನ್ಯವು ಪ್ರಾಗ್‌ಗೆ ನುಗ್ಗಿತು. ಗೆಸ್ಟಾಪೊ ಪೋಲೀಸರು ಮೊದಲು ಹಿಡಿದವರಲ್ಲಿ ಮುಖಾನೂ ಒಬ್ಬ. ಎಪ್ಪತ್ತೆಂಟರ ಮುದುಕ, ಶ್ವಾಸಕೋಶದ ಕಾಯಿಲೆ. ವಿಚಾರಣೆ ನಡೆಸಿ ಬಿಟ್ಟರು. ಊರಿನ ವಿಮರ್ಶಕರು ಹಳಬನೆಂದು ಬದಿಗಿರಿಸಿದವನನ್ನು ಶತ್ರುಗಳು ಅಪಾಯಕಾರಿಯೆಂದು ಎಣಿಸಿದುದೇ ಅವನಿಗೆ ಸಂದ ಮನ್ನಣೆ. ಜುಲೈ 14ರಂದು, ಎಪ್ಪತ್ತೊಂಬತ್ತು ತುಂಬಲು ಹತ್ತು ದಿನಗಳಿರುವಾಗ, ಅವನು ಪ್ರಾಗ್‌ನಲ್ಲಿ ಕಣ್ಣು ಮುಚ್ಚಿದನು. ನಾಡಿನ ಹಿರಿಯರು ಮಲಗಿರುವ ವಿಶೆಹ್ರಾದ್ ರುದ್ರಭೂಮಿಯಲ್ಲಿ ಅವನನ್ನು ಹೂಳಿದರು.

ಯುದ್ಧದಲ್ಲಿ ಸುತ್ತಿ ಬಚ್ಚಿಟ್ಟಿದ್ದ ಮಹಾಚಿತ್ರಗಳು 1963ರಿಂದ ಮೊರಾವಿಯಾದ ಕ್ರುಮ್ಲೋವ್ ಊರಿನ ಕೋಟೆಯಲ್ಲಿ, ಅವನ ಹುಟ್ಟೂರಿನ ಹತ್ತಿರದಲ್ಲಿಯೇ, ಜನರಿಗೆ ಕಾಣಸಿಕ್ಕವು. 2012ರಲ್ಲಿ ಪ್ರಾಗ್‌ಗೆ ಹೋಗಿ 2021ರಲ್ಲಿ ಅಲ್ಲಿಗೇ ಹಿಂದಿರುಗಿದವು. ಅದೇ 1963ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವು ಅವನ ಭಿತ್ತಿಪತ್ರಗಳನ್ನು ಪ್ರದರ್ಶಿಸಿತು. ಅವನು ಸಣ್ಣದೆಂದು ಬದಿಗಿಟ್ಟ ಕೆಲಸವನ್ನು ಜಗತ್ತು ಅಂದಿನಿಂದ ಮತ್ತೆ ಎದೆಗೆ ಅಪ್ಪಿಕೊಂಡಿದೆ. ಬಿಸ್ಕತ್ತಿನ ಡಬ್ಬಿಗಳು ಈಗ ಕಲಾಭವನಗಳ ಗಾಜಿನ ಪೆಟ್ಟಿಗೆಗಳಲ್ಲಿವೆ.

ನಾವೂ ಅನ್ನಕ್ಕಾಗಿ ಊರು ಬಿಟ್ಟು ಬಂದವರು. ಕಾರ್ಖಾನೆ, ಕಚೇರಿ, ಬ್ಯಾಂಕು, ಹೋಟಲುಗಳಲ್ಲಿ ಕಲಿತ ಕೆಲಸವು ಕನ್ನಡಕ್ಕೆ ಏನು ಉಪಯೋಗವೆಂದು ರಾಜ್ಯೋತ್ಸವದ ದಿನ ಒಮ್ಮೆಯಾದರೂ ನಮ್ಮ ಮನಸ್ಸಿಗೆ ಚುಚ್ಚುತ್ತದೆ. ಸಂಘದ ಲೆಕ್ಕ ಬರೆಯುವವರು, ಕರಪತ್ರ ಅಚ್ಚುಹಾಕಿಸುವವರು, ವೇದಿಕೆಗೆ ಬಣ್ಣ ಹಚ್ಚುವವರು ತಾವು ಏನೂ ಮಾಡಲಿಲ್ಲವೆಂದೇ ತಿಳಿದಿರುತ್ತಾರೆ. ಈ ಸ್ಮರಣ ಸಂಚಿಕೆಯೇ ಜಾಹೀರಾತುಗಳ ಬಲದಿಂದ ನಿಂತಿದೆ. ಓದುಗರು ಲೇಖನಗಳನ್ನು ಮುಗಿಸಿದ ಮೇಲೆ ಹಿಂದಿನ ಪುಟಗಳಲ್ಲಿರುವ ಊದುಬತ್ತಿ, ಕಾಫಿಪುಡಿ, ಬಟ್ಟೆಯಂಗಡಿಗಳ ಜಾಹೀರಾತುಗಳನ್ನೂ ಒಮ್ಮೆ ನಿಂತು ನೋಡಬೇಕೆಂದು ನನ್ನ ವಿನಂತಿ. ಅವುಗಳಲ್ಲಿಯೂ ಯಾರೋ ಒಬ್ಬರು ಗೆರೆ ಎಳೆದಿದ್ದಾರೆ, ಕನ್ನಡದ ಅಕ್ಷರವನ್ನು ಕಷ್ಟಪಟ್ಟು ತಿದ್ದಿದ್ದಾರೆ. ಅವರ ಹೆಸರು ಅಲ್ಲಿ ಅಚ್ಚಾಗಿಲ್ಲ.